ಎಂಟು ಇಪ್ಪತ್ತರ ರೈಲು ನಿಂತ ಕಾರಣ

ನಗರಸಭೆ ಕಚೇರಿಗೆ ಬೆಳಿಗ್ಗೆ ಬಂದ ರೈಲ್ವೆ ಕಾಗದದಲ್ಲಿ ಎರಡೇ ಸಾಲು. ಹೊರವಲಯದ ಬಡಾವಣೆಗೆ ಓಡಾಡುತ್ತಿದ್ದ ರೈಲು ಹನ್ನೊಂದು ವರ್ಷದ ಹಿಂದೆ ಯಾಕೆ ನಿಂತಿತು ಅನ್ನೋ ನಿಜವಾದ ಇತಿಹಾಸವನ್ನ ಒಂದು ಪುಟದಲ್ಲಿ ಬರೆದಿಡಿ. ಸಂಜೆ ಐದಕ್ಕೆ ನಮ್ಮ ಅಧಿಕಾರಿ ಹಳೇ ಸ್ಟೇಷನ್ನಿಗೇ ಬಂದು ತಗೊಳ್ತಾರೆ.

ಸಾಹೇಬರು ಕಾಗದ ಓದಿ ಮೇಜು ಗುದ್ದಿದರು. "ಯಾಕೆ ನಿಂತಿತು ಅಂತ ಕೇಳ್ತಿದ್ದಾರೆ ಅಂದ್ರೆ ಏನರ್ಥ? ಮತ್ತೆ ಬಿಡ್ತಾರೆ ಅಂತ! ಏ ಗುಮಾಸ್ತ, ನಿನ್ನ ಮನೆ ಅಲ್ಲೇ ಅಲ್ವೇನಯ್ಯಾ? ಹೋಗು, ವಿಚಾರಿಸಿ ಬರಿ."

ಗುಮಾಸ್ತನಿಗೆ ಕಣ್ಣಲ್ಲಿ ನೀರು ಬಂತು. ರೈಲಿದ್ದಾಗ ಇಪ್ಪತ್ತೈದು ನಿಮಿಷಕ್ಕೆ ಕಚೇರಿ ಸೇರುತ್ತಿದ್ದವನು ಈಗ ಎರಡು ಬಸ್ಸು ಬದಲಾಯಿಸಿ, ಒಂದೂಮುಕ್ಕಾಲು ಗಂಟೆ ಕಂಬಕ್ಕೆ ಜೋತುಬಿದ್ದು ಬರುತ್ತಿದ್ದ. ರೈಲು ಬಂದರೆ ಬದುಕು ಬಂದ ಹಾಗೇ. ಅವತ್ತೂ ಜೋತುಬಿದ್ದುಕೊಂಡೇ ಬಡಾವಣೆಗೆ ವಾಪಸು ಬಂದ.

ಮೊದಲು ಸ್ಟೇಷನ್ ಎದುರಿನ ಕಟಿಂಗ್ ಶಾಪು.

"ಇಂಜಿನ್ನಿಗೆ ವಯಸ್ಸಾಗಿತ್ತು ಕಣಣ್ಣ," ಅಂದ ಅಂಗಡಿಯವನು, ಕತ್ತರಿ ಆಡಿಸುತ್ತಾ. "ಏರು ಹತ್ತೋವಾಗ ನಮ್ಮಪ್ಪನ ಥರ ಕೆಮ್ತಿತ್ತು."

"ಸುಮ್ನಿರಯ್ಯಾ, ಸೇತುವೆ ಬಿರುಕು ಬಿಟ್ಟಿತ್ತು," ಅಂತ ಕುರ್ಚಿಯಲ್ಲಿದ್ದ ಅರ್ಧ ಗಡ್ಡದ ಗಿರಾಕಿ ಎದ್ದು ನಿಂತ. ಇಬ್ಬರಿಗೂ ಜಗಳ ಹತ್ತಿತು. ಗುಮಾಸ್ತ ಎರಡನ್ನೂ ಬರೆದುಕೊಂಡು ಜಾರಿಕೊಂಡ.

ಪಕ್ಕದ ಟೈಲರ್ ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದಳು: "ಅವೆಲ್ಲ ಬುರುಡೆ. ಇಬ್ಬರು ಅಧಿಕಾರಿಗಳು ಒಂದೇ ಕುರ್ಚಿಗೆ ಕಿತ್ತಾಡಿದ್ರು. ಸಿಟ್ಟೆಲ್ಲ ನಮ್ಮ ರೈಲಿನ ಮೇಲೆ ತೀರಿಸ್ಕೊಂಡ್ರು."

ಮಧ್ಯಾಹ್ನ ಎರಡಕ್ಕೆ ಗುಮಾಸ್ತನ ಪುಸ್ತಕದಲ್ಲಿ ಏಳು ಕಾರಣ ಇದ್ದವು. ಒಂದಕ್ಕೊಂದು ಸಂಬಂಧವೇ ಇಲ್ಲ. ಒಬ್ಬರ ಪ್ರಕಾರ ರೈಲು ನಷ್ಟದಿಂದ ನಿಂತಿತು, ಇನ್ನೊಬ್ಬರ ಪ್ರಕಾರ ಲಾಭ ಜಾಸ್ತಿಯಾಗಿ ಬಸ್ಸಿನವರು ಹೊಟ್ಟೆಕಿಚ್ಚು ಪಟ್ಟರು. ಯಾವುದನ್ನ ಬರೆಯೋದು, ಯಾವುದನ್ನ ಬಿಡೋದು? ಪಾಪ, ತಲೆ ಕೆಟ್ಟು ಮೊಸರಾಯಿತು.

ಕಡೆಗೆ ಅದೇ ರೈಲಿನ ಗಾರ್ಡಾಗಿ ನಿವೃತ್ತಿಯಾಗಿದ್ದ ತಾತನ ಮನೆಗೆ ಹೋದ. ತಾತ ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದ ಹಳೇ ಕಾಗದ ಎಳೆದು ಕೊಟ್ಟರು. ಪ್ರಯಾಣಿಕರ ಎಣಿಕೆಯ ಪಟ್ಟಿ. ಮೊದಲ ದಿನ ಸೊನ್ನೆ. ಎರಡನೇ ದಿನ ಸೊನ್ನೆ. ಮೂರನೇ ದಿನವೂ ಸೊನ್ನೆ.

"ಅಲ್ಲ ತಾತ, ದಿನಾ ಮುನ್ನೂರು ಜನ ಹತ್ತುತಿದ್ವಲ್ಲ!"

"ಹತ್ತುತಿದ್ರಿ. ಟಿಕೆಟ್ ತಗೊಂಡೋನು ಯಾವನು? ಟಿಕೆಟ್ ಕಿಟಕಿ ತೆಗೀತಿದ್ದದ್ದು ಎಂಟೂವರೆಗೆ, ರೈಲು ಬಿಡ್ತಿದ್ದದ್ದು ಎಂಟು ಇಪ್ಪತ್ತಕ್ಕೆ. ಜನ ಎಣಿಸೋಕೆ ಬಂದೋನ್ನ ಟಿಕೆಟ್ ಹಿಡಿಯೋನು ಅಂದ್ಕೊಂಡು ಬಡಾವಣೆಗೆ ಬಡಾವಣೆಯೇ ಮೂರು ದಿನ ಬಸ್ ಹತ್ತಿತು. ಖಾಲಿ ರೈಲು ಯಾಕೆ ಅಂತ ನಿಲ್ಲಿಸಿಬಿಟ್ರು."

ಗುಮಾಸ್ತನ ಮೈ ಉರಿಯಿತು. "ಆ ಸುದ್ದಿ ಹಬ್ಬಿಸಿದ ಮಹಾನುಭಾವ ಯಾರು?"

"ನಂಗೆ ಹೇಳಿದ್ದು ಕಟಿಂಗ್ ಶಾಪಿನವನು ಕಣಪ್ಪ."

ಗುಮಾಸ್ತ ಕಟಿಂಗ್ ಶಾಪಿಗೆ ಓಡಿದ. ಅವನು ಟೈಲರ್ ಅಕ್ಕನ ಕಡೆ ಕೈ ತೋರಿಸಿದ. ಅಕ್ಕ ಪಿನ್ನುಗಳನ್ನ ಅಂಗೈಗೆ ಉಗುಳಿ ನಕ್ಕೇ ನಕ್ಕಳು. "ನಂಗೆ ಹೇಳಿದ್ದು ನಿನ್ನ ಹೆಂಡ್ತಿ ಕಣೋ!"

ಗುಮಾಸ್ತ ಮನೆಗೆ ನುಗ್ಗಿದ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಗಂಡ ಕೂಗಾಡಿ ಮುಗಿಸಿದ ಮೇಲೆ ಕೇಳಿದಳು, "ನಂಗೇನು ಕನಸು ಬಿದ್ದಿತ್ತಾ? ಬೆಳ್ಳಂಬೆಳಿಗ್ಗೆ ಕೈಯಲ್ಲಿ ಪುಸ್ತಕ ಹಿಡ್ಕೊಂಡು ನಿಂತೋನ್ನ ನೋಡಿ ಪ್ಲಾಟ್‌ಫಾರಮ್ಮಿಂದ ಓಡಿಬಂದು, ಕದ ಹಾಕ್ಕೊಂಡು, 'ಟಿಕೆಟ್ ಹಿಡಿಯೋನು ಬಂದಿದಾನೆ, ಯಾರಿಗೂ ಹೇಳ್ಬೇಡ' ಅಂದಿದ್ದು ಯಾರು? ಯಾರಿಗೂ ಅಂದ್ರೆ ಅಕ್ಕನಿಗೂ ಹೇಳ್ಬಾರದು ಅಂತ ನಂಗೇನು ಗೊತ್ತು?"

ಗುಮಾಸ್ತ ಪುಸ್ತಕ ತೆಗೆದು ನೆಲದ ಮೇಲೆ ಕೂತ. ಹನ್ನೊಂದು ವರ್ಷ ಯಾರನ್ನ ಬೈದುಕೊಂಡು ಬಸ್ಸಲ್ಲಿ ನೇತಾಡಿದನೋ ಆ ಮಹಾನುಭಾವ ತಾನೇ! ಬರೆದರೆ ಮಾನ ಹೋಗುತ್ತೆ, ಬರೆಯದಿದ್ದರೆ ರೈಲು ಹೋಗುತ್ತೆ.

"ನಿಜ ಬರೀರಿ," ಅಂದಳು ಹೆಂಡತಿ. "ದಿನಾ ಮುನ್ನೂರು ಜನ ಓಡಾಡ್ತಿದ್ರು ಅಂತ ಗೊತ್ತಾದ್ರೆ ತಾನೆ ರೈಲು ಬಿಡೋದು?"

ಅದೂ ಸರಿಯೇ. ಗುಮಾಸ್ತ ಒಂದಕ್ಷರ ಮುಚ್ಚಿಡದೆ ಬರೆದು, ಕೆಳಗೆ ಹೆಸರು ಹಾಕಿ, ಸಹಿ ಮಾಡಿದ.

ಐದಕ್ಕೆ ಹಳೇ ಸ್ಟೇಷನ್ನಲ್ಲಿ ಜನವೋ ಜನ. ರೈಲು ಬರುತ್ತೆ ಅಂತ ಕಟಿಂಗ್ ಶಾಪಿನವನು ಅಂಗಡಿ ಮುಚ್ಚಿ ಬಂದಿದ್ದ, ಅಕ್ಕ ಮಿಷನ್ ಬಿಟ್ಟು ಬಂದಿದ್ದಳು. ನರೆಗೂದಲಿನ ಅಧಿಕಾರಿ ಕಾರಿಂದ ಇಳಿದು ಪುಟ ಓದಿದರು. ಓದಿ ಮುಗಿಸಿದವರೇ ಗುಮಾಸ್ತನನ್ನ ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟರು.

"ಆ ಪುಸ್ತಕ ಹಿಡ್ಕೊಂಡು ನಿಂತಿದ್ದೋನು ನಾನೇ ಕಣ್ರೀ! ಮೂರು ದಿನ ಸೊನ್ನೆ ಬರೆದೆ. ಮೇಲಿನೋರು ಆ ಸೊನ್ನೆ ನಂಬಿ ರೈಲು ನಿಲ್ಲಿಸಿದ್ರು, ಆ ಸೊನ್ನೆ ನಂಬದೆ ನನ್ನ ಬಡ್ತಿ ನಿಲ್ಲಿಸಿದ್ರು. ಬೆಂಚಿನ ಮೇಲೆ ಗೊರಕೆ ಹೊಡೆದಿರ್ತೀಯ ಅಂದ್ರು. ಬರೋ ತಿಂಗಳು ನಿವೃತ್ತಿ. ನಿಮ್ಮ ಈ ಒಂದು ಪುಟ ನನ್ನ ಮಾನ ಉಳಿಸ್ತು!" ಅಂತ ಪುಟವನ್ನ ಮಡಚಿ ಜೇಬಿಗೆ ಇಟ್ಟುಕೊಂಡರು.

"ಸಾರ್, ಮತ್ತೆ ರೈಲು ಯಾವತ್ತು ಬಿಡ್ತೀರಿ?" ಗುಮಾಸ್ತ ಕೇಳಿದ.

"ರೈಲಾ? ರೈಲು ಬಿಡ್ತೀವಿ ಅಂತ ಯಾರಂದ್ರು? ನಾನು ಬಂದಿದ್ದು ನನ್ನ ಕೆಲಸಕ್ಕೆ." ಅಧಿಕಾರಿ ಜನರ ಕಡೆ ತಿರುಗಿ, ತುಂಬಿದ ಕಣ್ಣಲ್ಲಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದರು: "ಎಂಥಾ ಪ್ರಾಮಾಣಿಕ ಮನುಷ್ಯ ನೋಡ್ರಪ್ಪಾ! ಇವರು ಅವತ್ತು ಹೆದರಿ ಓಡದೇ ಇದ್ದಿದ್ರೆ ನಿಮ್ಮ ರೈಲು ಇವತ್ತೂ ಓಡ್ತಿತ್ತು ಅಂತ ಸಹಿ ಹಾಕಿ ಬರೆದುಕೊಟ್ಟಿದ್ದಾರೆ!"

ಕಾರು ಹೋಯಿತು. ಪ್ಲಾಟ್‌ಫಾರಮ್ಮಿನಲ್ಲಿ ಮುನ್ನೂರು ಜನ ಗುಮಾಸ್ತನನ್ನೇ ನೋಡುತ್ತಿದ್ದರು. ಕಟಿಂಗ್ ಶಾಪಿನವನು ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು, ಬೆಣ್ಣೆಯಂಥ ದನಿಯಲ್ಲಿ ಅಂದ:

"ಅಣ್ಣ, ನಾಳೆ ಬೆಳಿಗ್ಗೆ ಶೇವಿಂಗಿಗೆ ಬಾ."

ಅವತ್ತಿಂದ ಗುಮಾಸ್ತ ಗಡ್ಡ ಬಿಟ್ಟಿದ್ದಾನೆ.