ಧೂಳು ಮುಟ್ಟದ ಪಾದ

"ಒಂದು ಹೆಜ್ಜೆಯನ್ನೂ ಗಾಲಿಗೆ ಬಿಟ್ಟುಕೊಡುವವನಲ್ಲ ನಾನು" ಎಂದು ಮಧುಗಿರಿಯಲ್ಲಿ ತಮ್ಮ ಬೀದಿಗೆಲ್ಲ ಕೇಳುವಂತೆ ಘೋಷಿಸಿ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಲಕ್ಷ್ಮೀಪತಿಗಳು ಬೆಳಗಿನ ಐದಕ್ಕೆ ಗೊರವನಹಳ್ಳಿಗೆ ಹೊರಟರು. ಮೂವತ್ತು ಕಿಲೋಮೀಟರ್, ಬರಿಗಾಲು. ಹೋಗುತ್ತಿರುವುದು ಮಹಾಲಕ್ಷ್ಮಿಯ ಸನ್ನಿಧಿಗೆ; ಹೆಸರಿನ ಲೆಕ್ಕದಲ್ಲಿ ಸ್ವಂತ ಮನೆಗೇ ಹೊರಟಂತೆ!

ಹರಕೆ ಮಾತ್ರ ಅವರದಲ್ಲ. ಮಗಳು ಸಹನಾಳ ಹೆರಿಗೆ ಕಷ್ಟವಾದಾಗ ಹೆಂಡತಿ ಗಂಗಾಂಬಿಕಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ತಾಯಿ ಮಗು ಚೆನ್ನಾಗಿದ್ರೆ ಗಂಡ ಹೆಂಡ್ತಿ ಇಬ್ರೂ ನಡ್ಕೊಂಡೇ ಬರ್ತೀವಮ್ಮ" ಎಂದು ಕೈಮುಗಿದಿದ್ದರು. ನಮ್ಮ ಕಡೆ ಹರಕೆಗೆ ಗಂಡನ ಕಾಲು ಸೇರಿಸುವಾಗ ಯಾರೂ ಅನುಮತಿ ಕೇಳುವುದಿಲ್ಲ. ತಾಯಿ ಮಗು ಚೆನ್ನಾಗಿದ್ದರು. ಇನ್ನು ಇಬ್ಬರಲ್ಲಿ ಒಬ್ಬರು ನಡೆಯದಿದ್ದರೂ ಹರಕೆ ಅರ್ಧವೇ.

ಮೊದಲ ಐದು ಕಿಲೋಮೀಟರ್‌ವರೆಗೆ ಲಕ್ಷ್ಮೀಪತಿಗಳು ಏಳು ಜನರ ತಂಡಕ್ಕೆ ನಾಯಕರು. ಆಮೇಲೆ ಸದಸ್ಯರು. ತುಂಬಾಡಿಯ ಹೊತ್ತಿಗೆ ಬಾಲ. ಟಾರು ಕಾದು ದೋಸೆಕಲ್ಲಾಗಿತ್ತು.

"ರೀ, ಆಗುತ್ತಾ ನಿಮ್ ಕೈಲಿ?"

"ಕೈಲಿ ಯಾಕೆ, ಕಾಲಲ್ಲೇ ಬರ್ತೀನಿ. ನೀವೆಲ್ಲ ನಡೀತಾ ಇರಿ. ನಾನು ಪ್ರಕೃತಿ ನೋಡ್ಕೊಂಡು ಬರ್ತೀನಿ."

ಪ್ರಕೃತಿ ಲಗೇಜ್ ಆಟೋದ ರೂಪದಲ್ಲಿ ಹಿಂದಿನಿಂದ ಬಂತು. ತಂಡದ ಹಾಸಿಗೆ, ಪಾತ್ರೆ ಹೊತ್ತಿದ್ದ ಸಿರಾದ ಮುಸವೀರನ ಆಟೋ ಅದು. ಅವನದು ಒಂದೇ ಷರತ್ತು: "ಕಾಲು ತೊಳ್ಕೊಂಡು ಹತ್ತಿ ಸಾರ್. ಜಮಖಾನದ ಮೇಲೆ ನೀವೇ ಮಲಗೋದು."

ಲಕ್ಷ್ಮೀಪತಿಗಳು ಉಗುರಿನ ಸಂದಿ ಸಮೇತ ತೊಳೆದುಕೊಂಡರು. ಜಮಖಾನ ಹೊದ್ದು ಉಸಿರು ಬಿಗಿಹಿಡಿದು, ಹೆಂಡತಿಯ ಪಕ್ಕದಲ್ಲೇ ಹಾದುಹೋದರು. ಕೊರಟಗೆರೆಯ ಅಂಚಿನಲ್ಲಿ ಇಳಿದು, ಮರದ ಮರೆಯಲ್ಲಿ ಕೂತು, ತಂಡ ಬಂದಾಗ ಬಾಲಕ್ಕೆ ಸೇರಿಕೊಳ್ಳುವುದು ಯೋಜನೆ.

ಆದರೆ ಅದೇ ಮರದ ಕೆಳಗೆ, ನಡೆದು ಬರುವವರ ಕಾಲಿಗೆ ವರ್ಷವೂ ನೀರು ಹಾಕುವ ಮುದುಕಿ ಕೊಲ್ಲಾಪುರಮ್ಮ ಚೊಂಬು ಹಿಡಿದು ನಿಂತಿದ್ದಳು. "ಬರ್ರೀ ಸ್ವಾಮಿ, ಮೊದಲ್ನೇವ್ರು ನೀವೇಯ" ಎಂದು ತಟ್ಟೆಯಲ್ಲಿ ಕಾಲಿಡಿಸಿ ನೀರು ಹೊಯ್ದಳು. ತಟ್ಟೆಗೆ ಬಿದ್ದ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಮುದುಕಿ ತಟ್ಟೆ ನೋಡಿದಳು, ಕಾಲು ನೋಡಿದಳು, ಮುಖ ನೋಡಿದಳು.

"ಮಧುಗಿರಿಯಿಂದ ನಡ್ಕಂಡ್ ಬಂದ್ರಾ?"

"ಹೂಂ."

"ಲೇ, ಬರ್ರಲಾ ಇಲ್ಲಿ. ಒಂದ್ ಚೂರೂ ಧೂಳ್ ಅಂಟಿಲ್ಲ. ಅಮ್ಮನೇ ಎತ್ಕಂಡ್ ಬಂದು ಇಳ್ಸವ್ಳೆ ಕಣ್ರಲಾ ಇವ್ರನ್ನ."

ಟೀ ಅಂಗಡಿ ಖಾಲಿಯಾಯಿತು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟರು. ಕಾಲಿಗೆ ಬೀಳಲು ಸಾಲು ನಿಂತಿತು. ಒಬ್ಬ ನೆಲದ ಮೇಲೆ ಬೋರಲು ಮಲಗಿ, "ಬೆನ್ನುನೋವು ಸ್ವಾಮಿ, ಒಂದ್ಸಲ ತುಳಿದ್ಬುಡಿ" ಎಂದ. ತುಳಿದರು. ಮೂರನೆಯ ಹಾರ ಬೀಳುವ ಹೊತ್ತಿಗೆ, ಆಟೋ ಕಳಿಸಿದ್ದೂ ಅಮ್ಮನೇ ಇರಬಹುದು ಎಂದು ಲಕ್ಷ್ಮೀಪತಿಗಳಿಗೇ ಅನ್ನಿಸತೊಡಗಿತ್ತು.

ಒಂದು ಗಂಟೆ ಕಳೆದಿರಬೇಕು. ಸಾಲಿನಲ್ಲಿ ಮುಂದೆ ಬಂದ ಹೆಂಗಸು ಕುಂಟುತ್ತಿದ್ದರು. ಕಾಲ್ಬೆರಳುಗಳ ಮೇಲೆ ಬೊಬ್ಬೆ. ಗಂಗಾಂಬಿಕಾ! ಅವರು ಗಂಡನ ಪಾದದ ಕಡೆ ಬಗ್ಗಿದರು.

ಲಕ್ಷ್ಮೀಪತಿಗಳು ಸರಕ್ಕನೆ ಕಾಲೆಳೆದುಕೊಂಡರು. "ಬೇಡ ಗಂಗಾ. ತುಂಬಾಡಿಯಿಂದ ಮುಸವೀರನ ಆಟೋದಲ್ಲಿ ಬಂದೆ. ತಪ್ಪಾಯ್ತು."

ಸಾಲು ಕರಗಿತು. ಬಾಳೆಹಣ್ಣು ಕೊಟ್ಟಿದ್ದವನು ವಾಪಸ್ಸು ತೆಗೆದುಕೊಂಡು ಹೋದ.

"ಗೊತ್ತು ಕಣ್ರೀ. ಜಮಖಾನದಿಂದ ಹೆಬ್ಬೆರಳು ಆಚೆ ಬಂದಿತ್ತು. ನಾನು ಬಗ್ಗಿದ್ದು ಕಾಲಿಗೆ ಬೀಳೋಕಲ್ಲ, ಎಷ್ಟು ಚೆನ್ನಾಗಿ ತೊಳ್ಕೊಂಡಿದೀರಿ ಅಂತ ನೋಡೋಕೆ." ಅಷ್ಟು ಹೇಳಿದವರ ದನಿ ಒಡೆಯಿತು. "ಹರಕೆ ಅರ್ಧ ಆಗೋಯ್ತಲ್ರೀ."

ಬೈಗುಳವಾದರೆ ಲಕ್ಷ್ಮೀಪತಿಗಳಿಗೆ ಅಭ್ಯಾಸವಿತ್ತು. ಈ ಅಳು ಹೊಸದು.

ತೀರ್ಪು ಕೊಲ್ಲಾಪುರಮ್ಮನದು: "ಅಳಬ್ಯಾಡ ಕಣವ್ವ. ಆಟೋ ಎಲ್ ಹತ್ತಿದ್ರೋ ಅಲ್ಲಿಂದ್ಲೇ ಮತ್ತೆ ನಡ್ಕಂಡ್ ಬರ್ಲಿ. ಅಲ್ಗಂಟ ಅಮ್ಮ ಎಲ್ಗೂ ಹೋಗಾಕಿಲ್ಲ."

ಊರೊಳಗೆ ತಂಡಕ್ಕಾಗಿ ಕಾಯುತ್ತಿದ್ದ ಮುಸವೀರನೇ ತುಂಬಾಡಿಯವರೆಗೆ ಬಿಟ್ಟುಬಂದ. "ಈ ಸಲ ಕಾಲು ಹೆಂಗಿದ್ರೂ ಪರವಾಗಿಲ್ಲ ಸಾರ್" ಎಂದ, ಪಾಪ.

ಮಧ್ಯಾಹ್ನ ಎರಡೂವರೆಗೆ ಲಕ್ಷ್ಮೀಪತಿಗಳು ಕೆಂಪು ಮಣ್ಣಿನಲ್ಲಿ ಅದ್ದಿದಂಥ ಕಾಲೆಳೆಯುತ್ತ ಮರದ ಕೆಳಗೆ ಬಂದು ಕುಸಿದರು. ಮೂರು ಚೊಂಬು ನೀರು ಸಾಲಲಿಲ್ಲ. ಆ ಕಾಲಿಗೆ ಬೀಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಗಂಗಾಂಬಿಕಾ ಮಾತ್ರ ಎದುರಿಗೆ ಬಂದು ಕೂತು, ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿದರು. ಲಕ್ಷ್ಮೀಪತಿಗಳು ಅವರ ಭುಜ ಹಿಡಿದು ಎಬ್ಬಿಸಲು ನೋಡಿದರು.

"ಏಳು ಗಂಗಾ. ಗಂಡ ಅಂತ ಇಷ್ಟೆಲ್ಲ ಭಕ್ತಿ ಬೇಡ."

"ಮುಳ್ಳು ಕಣ್ರೀ. ಅಲ್ಲಾಡ್ಬೇಡಿ, ಇನ್ನೂ ಹತ್ತು ಕಿಲೋಮೀಟರ್ ಇದೆ."