ಸೋಮವಾರ ಒಪ್ಪೊತ್ತು ಮಾಡ್ತಿದ್ದ ಜೀಪು

ನಿಮ್ಮ ಮನೇಲಿ ಯಾರಾದ್ರೂ ಕುರಿ ಕೊಬ್ಬಲ್ಲಿ ಗಾಡಿ ಓಡ್ಸಿದ್ರಾ? ಇಲ್ವಾ? ಹಂಗಾದ್ರೆ ನಮ್ ಸೋದರಮಾವನಂಥ ತಿಕ್ಲನ್ನ ನೀವು ನೋಡೇ ಇಲ್ಲ ಬುಡಿ!

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳ್ತಿದ್ದ ಕಾಲ. ಅಲ್ಲೊಂದರಲ್ಲಿ ಮಾವ ಬಾಯ್ಲರ್ ನೋಡ್ಕೊತಿದ್ದ. ಯಾರೋ ಇಂಜಿನಿಯರು ಪ್ರಾಣಿ ಕೊಬ್ಬಿಂದ್ಲೂ ಡೀಸೆಲ್ ಮಾಡ್ಬೋದು ಅಂದ್ನಂತೆ. ಮುಗೀತು! ಕೈಲಾಂಚದ ಮಟನ್ ಅಂಗಡಿಯೋರು ಎಸೆಯೋ ಕೊಬ್ಬೆಲ್ಲ ಮಾವನ ಮನೆಗೆ. ಕರಗ್ಸೋದು, ಸೋಸೋದು, ಕಾಸ್ಟಿಕ್ ಸೋಡಾ, ಮೆಥನಾಲು ಹಾಕಿ ಕಲಕೋದು, ಕೆಳಗಿನ ಗಷ್ಟು ಬುಟ್ಟು ಮೇಲಿನ ಎಣ್ಣೇನ ಹಳೇ ಜೀಪಿಗೆ ಹುಯ್ಯೋದು. ಓಡ್ತಾ? ಓಡ್ತು! ಹಿಂದೆ ಬೀದಿನಾಯಿಗಳೂ ಓಡಿದ್ವು!

"ಏನ್ಲಾ, ಇಂಜಿನ್ನಲ್ಲಿ ಚಾಪ್ಸ್ ಬೇಯಿಸ್ತಿದ್ದೀಯೇನ್ಲಾ?" ಅಂತ ಟೀ ಅಂಗಡಿ ಮುಂದೆ ಕೂತೋರು ರೇಗಿಸೋರು.

"ನಿಮಗೆ ಹಬ್ಬಕ್ಕೊಂದ್ಸಲ ಬಾಡೂಟ. ನನ್ ಜೀಪಿಗೆ ದಿನಾ ಕಣ್ರಲಾ!"

ಆದ್ರೆ ಒಂದಿನ ಅತ್ತೆ ನೀರು ಕಾಯ್ಸೋ ತಾಮ್ರದ ಹಂಡೇಲೇ ಕೊಬ್ಬು ಕರಗ್ಸಿಬುಟ್ಟ. ಅದೂ ಸೋಮವಾರ! ಅವರ ಮನೇಲಿ ಸೋಮವಾರ ಮೊಟ್ಟೇನೂ ಒಡೀತಿರಲಿಲ್ಲ. ಅತ್ತೆ ಬ್ಯಾಗೆತ್ಕೊಂಡು ಕಬ್ಬಾಳಿನ ತವರಿಗೆ ಬಸ್ ಹತ್ತಿದ್ಲು.

ಕರ್ಕೊಂಬರಕ್ಕೆ ಮಾವನ ಜೊತೆ ನಾನೂ ಹೋದೆ.

"ಹೊಸ ಹಂಡೆ ತಂದಿವ್ನಿ, ಬಾರಮ್ಮಿ."

"ಹಂಡೆ ಯಾರಿಗ್ ಬೇಕ್ರೀ? ನಿಮಗೂ ನಿಮ್ ಗಾಡಿಗೂ ವಾರ ಅನ್ನೋದು ಗೊತ್ತೈತಾ?"

ಅತ್ತೆ ಬರಲಿಲ್ಲ. ಆದ್ರೆ ಅವತ್ತಿಂದ ಜೀಪಿಗೂ ಒಪ್ಪೊತ್ತು ಶುರು! ಸೋಮವಾರ ಬಂತೂಂದ್ರೆ ಟ್ಯಾಂಕು ಬಸಿದು ಬಂಕಿನ ಡೀಸೆಲ್ ತುಂಬ್ಸೋನು. "ಇವತ್ತು ಜೀಪು ವೆಜ್ಜು" ಅನ್ನೋನು.

"ಮಾವ, ಡೀಸೆಲ್ ಏನು ಸೊಪ್ಪಿನ ಸಾರಾ?"

"ನೆಲದೊಳಗಿಂದ ಬತ್ತದಲ್ವೇನ್ಲಾ? ಗೆಡ್ಡೆ ಲೆಕ್ಕ!"

ಸೋಮವಾರ ಸೋಮವಾರ ಕಬ್ಬಾಳಿಗೆ ಹೋಗೋದು. ಅತ್ತೆ ಊಟಕ್ಕಿಕ್ಕೋಳು, "ನೋಡಾಣ" ಅನ್ನೋಳು. ವಾಪಸ್ ಬರ್ತಾ ಜೀಪಲ್ಲಿ ನಾವಿಬ್ರೇ.

ಧನುರ್ಮಾಸದಲ್ಲಿ ತಡೀನಾರ್ದೆ ಭಾನುವಾರ ಸಂಜೇನೇ ಹೋಗಿ ಅವರ ಜಗಲಿ ಮೇಲೆ ಮಲಗಿದ್ವು. ಬೆಳಗ್ಗೆ ಬಸಿದು ಬಂಕಿನ ಡೀಸೆಲ್ ಹಾಕಣ ಅಂತ ಕ್ಯಾನೂ ತಂದಿದ್ವು. ಬಸಿಯಕ್ಕೆ ಹೋದ್ರೆ, ಚಳಿಗೆ ಎಣ್ಣೆ ತುಪ್ಪದಂಗೆ ಹೆಪ್ಪುಗಟ್ಟೈತೆ! ಮಾವ ಹೊದ್ದಿದ್ದ ಕಂಬಳಿ ತೆಗ್ದು ಟ್ಯಾಂಕಿಗೆ ಸುತ್ತಿ, ತಾನು ಗಡಗಡ ನಡುಗ್ತಾ ನಿಂತ.

ಅತ್ತೆ ಬಾಗಿಲಿಂದ ನೋಡಿದ್ಲು. ಒಳಗೋಗಿ ಬಿಸಿನೀರು ತಂದು, ಡೀಸೆಲ್ ಪೈಪಿನ ಮೇಲೆ ಒಸಿಒಸಿ ಹುಯ್ದಳು. "ಈಗ ಸ್ಟಾರ್ಟ್ ಮಾಡಿ ನೋಡ್ರಿ."

ಇಂಜಿನ್ ಕೆಮ್ಮಿ ಎದ್ದೇಬುಡ್ತು. ಅತ್ತೆ ಬ್ಯಾಗ್ ತಂದು ಜೀಪಿಗೆ ಹಾಕಿದ್ಲು.

ಮಾವ ಹೆದ್ರುಕೊಂಡೇ ಅಂದ, "ಸೋಮ್ವಾರ ಕಣಮ್ಮಿ. ಒಳಗೆ ಕೊಬ್ಬೈತೆ."

"ಗೊತ್ತೈತೆ. ಮೊದ್ಲು ಆ ಕಂಬಳಿ ಹೊದ್ಕೊಳಿ. ನಡೀರಿ."

ದಾರಿ ಪೂರ್ತಿ ಎತ್ತಿನಗಾಡಿ ಥರ ಓಡ್ಸಿದ. ಸೈಕಲ್ಲೂ ನಮ್ಮನ್ನ ದಾಟ್ಕೊಂಡ್ ಹೋಯ್ತು!

"ಒಸಿ ಜೋರಾಗ್ ಓಡ್ಸು ಮಾವ" ಅಂದೆ.

ಅತ್ತೆ ಕಡೆ ನೋಡ್ದ. "ಮನೆ ಬೇಗ ಬಂದ್ಬುಡ್ತದೆ ಕಣ್ಲಾ" ಅಂದ.

ಮಾವ ಹೋಗಿ ಬಾಳ ವರ್ಷ ಆಯ್ತು. ಆ ದಾರಿ ಇನ್ನೊಂದ್ಸಲ ಅಷ್ಟೇ ನಿಧಾನಕ್ಕೆ ಸಿಕ್ಕಿದ್ರೆ, ಜೋರಾಗ್ ಓಡ್ಸು ಅಂತ ನಾನು ಬಾಯೇ ಬಿಡಲ್ಲ.

ನಿಮ್ಮನೇಲೂ ಇಂಥೋರು ಯಾರಾದ್ರೂ ಇದ್ರೆ ಕೆಳಗೆ ಬರೀರಪ್ಪ. ಒಂದೂ ಬುಡದೆ ಓದ್ತೀನಿ.