ಉಗ್ರಾಣದ ಕುರ್ಚಿಗೆ ಒಂದು ಮಂಡಿ

ಬಲ್ಗೇರಿಯಾದ ರೂಸೆ ಪಟ್ಟಣದ ಟೈಲ್ಸ್ ಕಂಪನಿಯ ಉಗ್ರಾಣದಲ್ಲಿ ಕೂರುತ್ತಿದ್ದ ಮುದುಕ ತೀರಿಕೊಂಡು ಒಂದು ಕುರ್ಚಿ ಖಾಲಿಯಾಯಿತು. ಡೋಬ್ರಿಯ ಫಜೀತಿ ಶುರುವಾದದ್ದು ಅಲ್ಲಿಂದ.

ಮೂವತ್ತು ವರ್ಷ ಊರವರ ಬಚ್ಚಲುಮನೆಗಳಲ್ಲಿ ಮಂಡಿಯೂರಿ ಟೈಲ್ಸ್ ಕೂರಿಸಿದವನು ಅವನು. ಈಗ ಬಲಮಂಡಿ ಮಡಚಿದರೆ ಜೀವ ಬಾಯಿಗೆ ಬರುತ್ತಿತ್ತು. ಮಾಲೀಕ ಹೇಳಿದ್ದಿಷ್ಟೆ: ಐವತ್ತು ದಾಟಿದ ಇಬ್ಬರು ಕೆಲಸಗಾರರೂ ಎಂ.ಆರ್.ಐ. ಮಾಡಿಸಿಕೊಂಡು ಬರಲಿ, ಮಂಡಿಯ ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೃದ್ವಸ್ಥಿ, ಯಾರದು ಹೆಚ್ಚು ಸವೆದಿದೆಯೋ ಅವರು ಕುರ್ಚಿಯಲ್ಲಿ ಕೂರಲಿ.

ಇನ್ನೊಬ್ಬ ಮಿಂಚೊ. ಹಿಂದಿನ ಭಾನುವಾರವಷ್ಟೇ ತಂಗಿಯ ಮಗಳ ಮದುವೆಯಲ್ಲಿ ಮೂರು ತಾಸು ಬಿಡದೆ ಕುಣಿದಿದ್ದ. ಕುರ್ಚಿ ತನ್ನದೇ ಎಂದು ಡೋಬ್ರಿ ನಿಶ್ಚಿಂತನಾದ.

ಪರೀಕ್ಷೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಲ್ಯೂಬಾ ಮಂಡಿನೋವಿಗೆ ಮನೆಮದ್ದೆಂದು ರಾಕಿಯಾ ಸಾರಾಯಿಯಲ್ಲಿ ನೆನೆಸಿದ ಎಲೆಕೋಸಿನ ಎಲೆ ಹಿಡಿದು ಬಂದಳು.

"ಇವತ್ತೊಂದಿನ ವಾಸಿ ಮಾಡ್ಬೇಡ ಲ್ಯೂಬಕ್ಕ, ನೋವು ಇದ್ರೇನೇ ನಂಗೆ ಅನ್ನ."

ಅವಳು ಕಿವಿಗೇ ಹಾಕಿಕೊಳ್ಳದೆ ಅದನ್ನು ಮಂಡಿಗೆ ಕಟ್ಟಿಬಿಟ್ಟಳು. ಆಸ್ಪತ್ರೆಯಲ್ಲಿ ಆ ವಾಸನೆಗೆ ದಾದಿ ಇವನನ್ನು ಕುಡುಕನೆಂದು ಬಾಗಿಲಲ್ಲೇ ತಡೆದಳು. ಜೊತೆಗೆ ಬಂದಿದ್ದ ಮಿಂಚೊ, ಇವನು ಕುಡಿದಿಲ್ಲವೆಂದು ತಾಯಾಣೆ ಇಟ್ಟು ಒಳಗೆ ಬಿಡಿಸಬೇಕಾಯಿತು. ಯಂತ್ರದೊಳಗೆ ಕಲ್ಲು ಕುಯ್ಯುವಂಥ ಸದ್ದು. ನೋವಿಗೆ ಕಾಲು ಅದುರಿ ಎರಡು ಸಲ ಚಿತ್ರ ಕೆಟ್ಟಿತು. ಮೂರನೆಯ ಸಲ ಅವನು ತುಟಿ ಕಚ್ಚಿ ಹೆಣದಂತೆ ಮಲಗಿದ. ಒಂದೊಂದು ಛಳುಕು ಬಂದಾಗಲೂ, ಇದು ಚಿತ್ರದಲ್ಲಿ ಬಿತ್ತು ಎಂದು ಒಳಗೊಳಗೇ ಹಿಗ್ಗಿದ.

ಡಾಕ್ಟರು ಚಿತ್ರ ನೋಡಿ ತಲೆದೂಗಿದರು. "ನಿಮ್ಮ ಮೃದ್ವಸ್ಥಿ ಇಪ್ಪತ್ತರ ಪ್ರಾಯದವರದ್ದು ಇದ್ದಂಗಿದೆ."

"ಮತ್ತೆ ಈ ನೋವು ಡಾಕ್ಟ್ರೇ?"

"ಸೊಂಟದ ಕೀಲಿಂದ ಇಳೀತಿರ್ಬೇಕು. ಅದಕ್ಕೆ ಬೇರೆ ಚಿತ್ರ, ಬೇರೆ ಸರದಿ. ಐದು ತಿಂಗಳಾಗುತ್ತೆ."

ಮಿಂಚೊನ ಮಂಡಿಯಲ್ಲಿ ಮೃದ್ವಸ್ಥಿ ಹೆಸರಿಗೂ ಉಳಿದಿರಲಿಲ್ಲ, ಮೂಳೆಗೆ ಮೂಳೆ ತಾಗುತ್ತಿತ್ತು. ಚಿತ್ರ ಅದಲುಬದಲಾಗಿದೆ ಎಂದು ಅವನು ನಕ್ಕ, ತನಗೆ ನೋವೇ ಇಲ್ಲವೆಂದ. ಈವರೆಗೆ ಇಲ್ಲದಿದ್ದರೆ ಇನ್ನು ಬರುತ್ತದೆ, ಮಂಡಿಯೂರಬೇಡಿ, ಭಾರ ಎತ್ತಬೇಡಿ, ಕುಣಿತವಂತೂ ಮುಗಿಯಿತು ಎಂದರು ಡಾಕ್ಟರು. ಮಿಂಚೊನ ಮುಖ ಸುಣ್ಣದಂತಾಯಿತು. ನೆಟ್ಟಗೆ ನಡೆದು ಬಂದವನು ಡೋಬ್ರಿಯ ಹೆಗಲು ಹಿಡಿದು ಕುಂಟುತ್ತ ಹೊರಗೆ ಹೋದ.

ಸೋಮವಾರ ಡೋಬ್ರಿಗೆ ಶಾಲೆಯೊಂದರ ಬಚ್ಚಲಿನ ಕೆಲಸ ಬಿತ್ತು, ಮಿಂಚೊನ ಪಾಲಿನದೂ ಸೇರಿ. ಟೈಲ್ಸ್ ತರಲು ಉಗ್ರಾಣಕ್ಕೆ ಹೋದರೆ ಮಿಂಚೊ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

"ಪೆಟ್ಟಿಗೆ ನೀನೇ ಎತ್ಕೊಳ್ಳೋ ಡೋಬ್ರಿ. ನಿಂದು ಗಟ್ಟಿ ಮಂಡಿ."

ಕುಹಕವಾಗಿದ್ದರೆ ಡೋಬ್ರಿ ನಾಲ್ಕು ಬೈದಾದರೂ ಹಗುರಾಗುತ್ತಿದ್ದ. ಆದರೆ ಮಿಂಚೊನ ಕಣ್ಣು ತುಂಬಿತ್ತು. ಡೋಬ್ರಿ ಪೆಟ್ಟಿಗೆಯ ಮುಂದೆ ಮಂಡಿಯೂರಿದ.